ನಂದಿಬಟ್ಟಲ ಹುಳುವಿನ ಜೊತೆ ಬೇಗೂರಿಗೆ

ಭಾನುವಾರ ಬೆಳಿಗ್ಗೆ ಜಯನಗರದ ಮನೆ ಬಿಟ್ಟಾಗ ನನ್ನ ಕೈಯಲ್ಲಿದ್ದದ್ದು ಒಂದು ಗಾಜಿನ ಸೀಸೆ. ಅದರ ಬಾಯಿಗೆ ತೆಳು ಬಟ್ಟೆ, ಒಳಗೊಂದು ಮಡಿಚಿದ ಎಲೆ. ಬೇಗೂರಿನ ಚಿಕ್ಕಮ್ಮ ಕಾಗದ ಬರೆಸಿದ್ದರು: ಚಿಕ್ಕಪ್ಪ ಈ ಭಾನುವಾರವೇ ಹಿತ್ತಿಲ ನಂದಿಬಟ್ಟಲ ಗಿಡ ಕಡಿಯುತ್ತಾರಂತೆ. ಅದರ ಹಸಿರು ಹುಳುಗಳೇ ಮೈತುಂಬ ಕೂದಲು ಬಿಟ್ಟುಕೊಂಡು, ಕಂಬಳಿ ಹುಳುಗಳಾಗಿ ಪಕ್ಕದ ನುಗ್ಗೆಮರ ಹತ್ತುತ್ತವೆ ಅಂತ ಊರೇ ನಂಬಿತ್ತು. ಮಕ್ಕಳಿಗೆ ತುರಿಕೆ ಎದ್ದಾಗಲೆಲ್ಲ ಬೈಗುಳ ನಂದಿಬಟ್ಟಲಿಗೆ. ಚಿಕ್ಕಮ್ಮನೋ, ಆ ಹೂವಿಲ್ಲದೆ ಒಂದು ದಿನವೂ ದೇವರಿಗೆ ದೀಪ ಹಚ್ಚಿದವರಲ್ಲ.

ಊರಿನ ಆ ನಂಬಿಕೆ ಸುಳ್ಳೆಂದು ತೋರಿಸಲೇಬೇಕೆಂದು ನಾನು ಹೋದ ತಿಂಗಳೇ ಹಟ ತೊಟ್ಟಿದ್ದೆ. ಆ ಗಿಡದಿಂದ ತಂದ ಎಲೆಯಡಿ ಎಳ್ಳಿಗಿಂತ ಸಣ್ಣ ಮೊಟ್ಟೆಯಿತ್ತು. ಒಡೆದು ಹುಳು ಬಂತು, ಎರಡು ವಾರ ಎಲೆ ಮೇಯ್ದು ದಪ್ಪಗಾಯಿತು. ಕೂದಲು ಮಾತ್ರ ಬರಲಿಲ್ಲ. ಆಮೇಲೆ ಎಲೆಯನ್ನು ಮಡಿಚಿ, ನೂಲು ಹಾಕಿ ಹೊಲಿದುಕೊಂಡು, ಒಳಗೆ ಕೋಶವಾಗಿ ಮಲಗಿಬಿಟ್ಟಿತು.

ಮಡಿವಾಳದವರೆಗೆ ಜಟಕಾ, ಅಲ್ಲಿಂದ ಹೊಸೂರು ಬಸ್ಸು, ಎರಡಾಣೆ. ಪಕ್ಕ ಕೂತ ಸೊಪ್ಪಿನ ಅಜ್ಜಿ, "ಉಪ್ಪಿನಕಾಯೇನವ್ವ?" ಅಂದಳು.

"ಸಾಕ್ಷಿ ಕಣಜ್ಜಿ, ಪಂಚಾಯ್ತಿಗೆ."

"ಬಾಯಿಗೆ ಬಟ್ಟೆ ಕಟ್ಟಿದ ಸಾಕ್ಷಿ ಏನ್ ಹೇಳ್ತದೆ!" ಅಂತ ನಕ್ಕಳು.

ಬೊಮ್ಮನಹಳ್ಳಿಯಲ್ಲಿ ಇಳಿದು ಎರಡೂವರೆ ಮೈಲಿ ನಡಿಗೆ. ಅರ್ಧ ದಾರಿಯಲ್ಲಿ ನೋಡಿದರೆ ಪತಂಗ ಕೋಶದಿಂದ ಹೊರಗೆ ಬಂದಿದೆ, ರೆಕ್ಕೆ ಇನ್ನೂ ಮುದುಡಿ ಒದ್ದೆ! ಕುಲುಕಿದರೆ ರೆಕ್ಕೆ ಕೆಡುತ್ತದೆ, ನಿಂತರೆ ಗಿಡ ಹೋಗುತ್ತದೆ. ತುಂಬಿದ ಕೊಡ ಹೊತ್ತವಳಂತೆ ನಡೆದೆ.

ಹಿತ್ತಿಲಲ್ಲಿ ಚಿಕ್ಕಪ್ಪ ಕೊಡಲಿ ಹಿಡಿದು ನಿಂತಿದ್ದರು. ಚಿಕ್ಕಮ್ಮ ಗಿಡಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಿದ್ದರು. ನಾನು ಸೀಸೆ ಮುಂದೆ ಹಿಡಿದೆ. ರೆಕ್ಕೆ ಆಗಲೇ ಚೆನ್ನಾಗಿ ಹರಡಿತ್ತು: ಎಳೇ ಬಾಳೆಸುಳಿಯ ಹಸಿರು, ಅಂಚಿಗೊಂದು ಕಂದು ಗೆರೆ.

"ಇದೇನೇ?"

"ನಿಮ್ಮ ಹುಳಾನೇ ಚಿಕ್ಕಪ್ಪ. ಕೂದಲೆಲ್ಲಿದೆ ತೋರಿಸಿ."

ಅವರು ಸೀಸೆಯನ್ನು ಮೂರು ಸುತ್ತು ತಿರುಗಿಸಿ ನೋಡಿದರು. "ಬಿಟ್ರೆ ಮತ್ತೆ ಮೊಟ್ಟೆ ಇಡತ್ತೆ. ಎಲೆ ತಿನ್ನತ್ತೆ."

"ತಿನ್ಲಿ ಬಿಡಿ," ಅಂದರು ಚಿಕ್ಕಮ್ಮ, ಕೂತಲ್ಲಿಂದ ಏಳದೆ. "ಎಲೆ ಅದಕ್ಕೆ, ಹೂ ನನಗೆ. ಕಡೀಲೇಬೇಕು ಅಂದ್ರೆ ಕಂಬಳಿ ಹುಳಾನ ಸಾಕೋ ನುಗ್ಗೇಮರ ಅಲ್ಲಿದೆ, ಹೋಗಿ."

ನುಗ್ಗೆಕಾಯಿ ಸಾರಿಲ್ಲದೆ ಊಟ ಇಳಿಯದ ಚಿಕ್ಕಪ್ಪ ಸೀಸೆಯನ್ನು ನನ್ನ ಕೈಗೇ ವಾಪಸು ಕೊಟ್ಟರು. ನಾನು ಬಟ್ಟೆ ಬಿಚ್ಚಿದೆ. ಪತಂಗ ಹಾರಿ ಎಲೆಯಡಿ ಸೇರಿತು. ಯಾವ ಎಲೆಯೋ ಮೂವರಿಗೂ ತಿಳಿಯಲಿಲ್ಲ.

ಊಟ ಮುಗಿಸಿ ಬಸ್ಸಿಗೆ ಹೊರಟೆ. ಬೇಲಿ ದಾಟಿ ತಿರುಗಿ ನೋಡಿದರೆ ಚಿಕ್ಕಪ್ಪ ಅದೇ ಕೊಡಲಿಯಿಂದ ಸೌದೆ ಸೀಳುತ್ತಿದ್ದರು. ಚಿಕ್ಕಮ್ಮ ಮಾತ್ರ, ಕೈಯಲ್ಲಿ ಅಕ್ಕಿ ಮೊರ ಹಿಡಿದು, ಮತ್ತೆ ಗಿಡಕ್ಕೇ ಬೆನ್ನು ಕೊಟ್ಟು ಕೂತಿದ್ದರು.