ಬಾಯಿಬಿಟ್ಟು ಹೇಳದ ಒಡಪು

ಮರಾಠಿ ಸೀಮೆಯ ಈ ಕಾತ್ರಜದಲ್ಲಿ ಜೋಳದ ರೊಟ್ಟಿ ಎಂದರೆ ನಮ್ಮ ವೈನಿ ಚನ್ನಬಸವ್ವನದು. ನಾನು ಅವಳ ಗಂಡನ ತಂಗಿ. ನಾದಿನಿಯ ಬಾಯಿಂದಲೇ ವೈನಿಯ ಹೊಗಳಿಕೆ ಬರುತ್ತಿದೆ ಎಂದರೆ ಅದರಲ್ಲಿ ಸುಳ್ಳಿಲ್ಲವೆಂದು ತಿಳಿಯಿರಿ! ವಿಜಯಪುರದ ಕಡೆಯಿಂದ ಬಂದು ಒಂದೇ ಹಂಚಿನ ಮೇಲೆ ಶುರು ಮಾಡಿದವಳು. ಈಗ ಫೋನಿನಲ್ಲಿ ಅವಳದೇ ಪೇಜು ಇದೆ. ಶಿವಾಜಿನಗರದ ಕಚೇರಿಗಳವರೂ ಅಲ್ಲೇ ಆರ್ಡರ್ ಕೊಡುತ್ತಾರೆ. ಆ ಪೇಜೇ ಅವಳ ಅಂಗಡಿ, ಅದೇ ಅವಳ ಮರ್ಯಾದೆ.

ಅದನ್ನೇ ಹೋದ ಶ್ರಾವಣದಲ್ಲಿ ಯಾವನೋ ಕದ್ದ. ಕದಿಯಲು ಏನು ಮಹಾ ಕಷ್ಟವಿತ್ತು! ನಮ್ಮ ಮಂದಿಯ ಪಾಸ್‌ವರ್ಡು ಎಂದರೆ ಮನೆದೇವರ ಹೆಸರು, ಮುಂದೆ ಒಂದು ಎರಡು ಮೂರು. ದೇವರ ಹೆಸರಿಟ್ಟರೆ ದೇವರೇ ಕಾಯುತ್ತಾನೆಂಬ ಭರವಸೆ. ಆ ವೀರಭದ್ರೇಶ್ವರನ ಹೆಸರು ಅಣ್ಣನ ರಿಕ್ಷಾದ ಹಿಂದೆ, ಮನೆಯ ಬಾಗಿಲ ಮೇಲೆ, ಪೇಜಿನ ನೆತ್ತಿಯ ಮೇಲೂ ದಪ್ಪಕ್ಷರದಲ್ಲಿ ಇತ್ತು. ಕಳ್ಳ ವೈನಿಯ ಹೆಸರಲ್ಲಿ ಅಗ್ಗದ ಮೊಬೈಲು ಮಾರಲು ಹೊರಟ. ಗಿರಾಕಿಗಳು ಅವಳಿಗೇ ಫೋನು ಮಾಡಿ ಬೈದರು. ರೊಟ್ಟಿ ಬಡಿಯುವ ಅವಳ ಕೈ ನಿಂತಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಅವಳ ಮಗಳು ರೇಣು ಕಂಪನಿಯವರಿಗೆ ಬರೆದು ಬರೆದು ಪೇಜು ವಾಪಸು ತಂದಳು. “ಅವ್ವಾ, ಈ ಸಲ ಉದ್ದಂದು ಇಡು. ಯಾರಿಗೂ ಗೊತ್ತಿರಬಾರ್ದು, ಬ್ಯಾರೆ ಎಲ್ಲೂ ಇಟ್ಟಿರಬಾರ್ದು, ನೀ ಮಾತ್ರ ಮರೀಬಾರ್ದು,” ಎಂದಳು.

“ಹಂಗಾರ ಒಂದು ಹೊಸಾ ಒಡಪು ಕಟ್ತೀನಿ,” ಎಂದಳು ವೈನಿ.

ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು ನಮ್ಮ ಹೆಂಗಸರು ಪ್ರಾಸದ ಸಾಲು ಕಟ್ಟಿ, ನಡುವೆ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದೇ ಒಡಪು. ಅವಳ ಮದುವೆಯ ದಿನ ಬಾಗಿಲು ತಡೆದು ಒಡಪು ಕೇಳಿದವಳೇ ನಾನು. ಇವತ್ತಿಗೂ ಯಾವ ಬಸುರಿಯ ಕುಬಸದ ಶಾಸ್ತ್ರದಲ್ಲೂ ಅವಳನ್ನು ಮೀರಿಸಿದವರಿಲ್ಲ. ಈ ಹೊಸದನ್ನು ಮಾತ್ರ ಅವಳು ಯಾರೆದುರೂ ಹೇಳಲಿಲ್ಲ. ರೇಣುವಿಗೂ ಬೆನ್ನು ತಿರುಗಿಸಿ ಕೂತು, ಇಡೀ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ತಾನೇ ಒತ್ತಿದಳು.

ಅಣ್ಣ ಶಿವರುದ್ರಪ್ಪನಿಗೆ ಸಿಟ್ಟು ಬಂತು. “ನನ್ನ ಮುಂದೂ ಗುಟ್ಟೇನು?” ಎಂದು ಮೋರೆ ಊದಿಸಿಕೊಂಡ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನನಗೆ ಗೊತ್ತಿಲ್ಲವೇ!

ದಸರೆಗೆ ಮುಂಚೆ ಒಂದು ಮಧ್ಯಾಹ್ನ ಅಣ್ಣನಿಗೆ ಫೋನು ಬಂತು. ಪೇಜಿನ ಕಂಪನಿಯವನಂತೆ, ಪಾಸ್‌ವರ್ಡು ಹೇಳದಿದ್ದರೆ ಪೇಜು ಈಗಲೇ ಬಂದ್ ಅಂತೆ. ಅಣ್ಣ ಬೆವತುಹೋದ. ಗೊತ್ತಿದ್ದರೆ ಖಂಡಿತ ಹೇಳಿಬಿಡುತ್ತಿದ್ದ. ಗೊತ್ತಿರಲಿಲ್ಲವಲ್ಲ, ಫೋನನ್ನು ವೈನಿಯ ಕೈಗೆ ಕೊಟ್ಟ.

ವೈನಿ ಹಿಟ್ಟಿನ ಕೈಯಲ್ಲೇ ಹಿಡಿದು ಗುಡುಗಿದಳು: “ಖರೇ ಕಂಪನಿಯವರು ಪಾಸ್‌ವರ್ಡ್ ಕೇಳಂಗಿಲ್ಲೋ ಭಾಡ್ಯಾ! ಬಾಗಲಾ ತಡದು ಒಡಪು ಕೇಳಾಕ ನೀ ಏನ್ ನನ್ನ ನಾದಿನಿ ಏನು?”

ಅವನಿಗೆ ಕನ್ನಡ ತಿಳಿಯಿತೋ ಇಲ್ಲವೋ, ಫೋನಂತೂ ಇಟ್ಟ. ನನ್ನ ಎದೆ ಹೆಮ್ಮೆಯಿಂದ ಉಬ್ಬಿಹೋಯಿತು. ಇಂಥ ವೈನಿಯನ್ನು ಬಾಗಿಲಲ್ಲಿ ತಡೆದು ಒಳಗೆ ಕರೆದುಕೊಂಡವಳು ನಾನೇ ಅಲ್ಲವೇ!

ಅಣ್ಣ ಅವಳ ಹತ್ತಿರ ಸರಿದು ಕೂತ. ಆಮೇಲೆ ಮೆತ್ತಗೆ ಕೇಳಿದ: “ಅಲ್ಲ, ಆ ಒಡಪಿನಾಗ ನನ್ನ ಹೆಸರಾದ್ರೂ ಐತೋ ಇಲ್ಲೋ? ಅಷ್ಟು ಹೇಳು ಸಾಕು.”

“ಅದನ್ನ ಹೇಳಿದ್ರ ಅರ್ಧಾ ಕೀಲಿ ಕೊಟ್ಟಂಗಾತ್ರೀ,” ಎಂದಳು ವೈನಿ. “ಕೈ ತೊಳಕೊಂಡು ಊಟಕ್ಕ ಬರ್ರಿ.”