ತರೀಕೆರೆಯಲ್ಲಿ ಹಿಡಿದ ಬ್ರೇಕು

ಹತ್ರ ಬನ್ನಿ, ಮೆಲ್ಲಗೆ ಹೇಳ್ತೀನಿ. ಯಾರ ಮುಂದೇನೂ ಬಾಯಿ ಬಿಡಕೂಡದು.

ಪಕ್ಕದ್ಮನೆ ರುದ್ರಪ್ಪನ ಪುಟ್ಟ ಮೋಟರ್‌ಸೈಕಲ್ಲು ಬಲು ಹಳೇದು, ಬ್ರೇಕು ಹೆಸರಿಗಷ್ಟೆ. ಗಾಡಿ ಸರಿಯಾಗಿದೆ ಅಂತ ಬ್ರೇಕ್ ಇನ್ಸ್‌ಪೆಕ್ಟರು ಕಾಗದ ಕೊಡದಿದ್ರೆ ಅವನು ಅಜ್ಜಂಪುರಕ್ಕೆ ಹಾಲು ಹಾಕೋದು ನಿಂತಂಗೇ. ಮೊನ್ನೆ ಅವನು ತರೀಕೆರೆಗೆ ಪರೀಕ್ಷೆಗೆ ಹೊರಟಾಗ, ಮಗಳ ಮನೆಗೆ ಅಂತ ನಾನೂ ಹಿಂದೆ ಹತ್ತಿದೆ.

ಮೈದಾನದಲ್ಲಿ ಇನ್ಸ್‌ಪೆಕ್ಟರು, "ಅಜ್ಜೀನ ಕೂರಿಸ್ಕೊಂಡೇ ಜೋರಾಗಿ ಬಂದು ಈ ಗೆರೆ ಮೇಲೆ ನಿಲ್ಸು" ಅಂದ್ರು.

ಗೆರೆ ಬಂತು, ಗಾಡಿ ನಿಲ್ಲೋ ಲಕ್ಷಣ ಕಾಣಲಿಲ್ಲ. "ನಾನು ಕಾಲೂರಿದ್ರೆ ಕಾಣ್ತದೆ, ನೀನೇ ಕಾಲೂರು ಅಜ್ಜಿ" ಅಂತ ರುದ್ರಪ್ಪ ಪಿಸುಗುಟ್ಟಿದ. ನಾನು ಅವನ ಸೊಂಟ ತಬ್ಬಿಕೊಂಡು, ಸೀರೆ ಮರೆಯಲ್ಲಿ ಎರಡೂ ಹಿಮ್ಮಡಿ ನೆಲಕ್ಕೆ ಒತ್ತಿದೆ. ಚಪ್ಪಲಿ ಸವೆದುಹೋಯ್ತು, ಗಾಡಿ ಗೆರೆ ಮೇಲೇ ನಿಂತಿತು.

"ಹೊಸ ಗಾಡೀಲೂ ಇಂಥ ಬ್ರೇಕಿಲ್ಲ ಕಣಯ್ಯ" ಅಂತ ಇನ್ಸ್‌ಪೆಕ್ಟರು ರುಜು ಹಾಕಿಕೊಟ್ರು.

ಮಗಳ ಮನೆಯಿಂದ ಊರಿಗೆ ಬಂದವಳೇ ರುದ್ರಪ್ಪನ ಹೆಂಡ್ತಿ ಗೌರಮ್ಮನಿಗೆ, "ನಿನ್ನ ಗಂಡನ ಕಳ್ಳ ಪಾಸಿನ ಕತೆ ನಾಳೆ ಬೀದಿಗೆಲ್ಲ ಹೇಳ್ತೀನಿ ಕಣೇ" ಅಂದೆ. ಗಂಡನ ಬಾಯಿಂದ ಆಗ್ಲೇ ಎಲ್ಲ ಕೇಳಿದ್ದ ಅವಳು, ಅಕ್ಕಿ ಆರಿಸ್ತಿದ್ದ ಮೊರದಿಂದ ತಲೆಯೆತ್ತದೆ, ಮುಖಕ್ಕೆ ಹೊಡೆದಂಗೆ ಅಂದ್ಬಿಟ್ಳು:

"ಧಾರಾಳವಾಗಿ ಹೇಳಜ್ಜಿ. ನನ್ನ ಗಂಡನ ಸೊಂಟ ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೆ ಅನ್ನೋದನ್ನೂ ಬಿಡದೆ ಹೇಳು."