ಕೆಂಪು ಗೆರೆ ದಾಟಿದ ಹುಳುಗಳು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಕೆರೆಯಂಚಿನ ಪಂಪ್‌ಹೌಸಿನಲ್ಲಿ ಒಬ್ಬ ಹೆಂಗಸು ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿ ಟಾರ್ಚ್ ಹಿಡಿದಿದ್ದಾರೆ. ತೊಟ್ಟಿಯಲ್ಲಿ ಮೀನಿಲ್ಲ, ಬೆರಳತುದಿಯಷ್ಟು ದಪ್ಪದ ಬಸವನಹುಳುಗಳಿವೆ. ಕೆರೆಯಿಂದ ಊರಿಗೆ ಹೋಗುವ ನೀರಿನ ಸಣ್ಣದೊಂದು ಕವಲು ಈ ತೊಟ್ಟಿಯನ್ನು ಹಾದು ಹೋಗುತ್ತದೆ. ನೀರಿನ ಮಟ್ಟದಿಂದ ನಾಲ್ಕು ಬೆರಳು ಮೇಲೆ, ಗಾಜಿಗೆ ಉಗುರುಬಣ್ಣದಲ್ಲಿ ಎಳೆದ ಕೆಂಪು ಗೆರೆ. ಗೆರೆಯ ಮೇಲಿರುವ ಹುಳುಗಳನ್ನು ಅವರು ಎಣಿಸುತ್ತಾರೆ. ಒಂಬತ್ತು. ಕಣ್ಣುಜ್ಜಿಕೊಂಡು ಮತ್ತೆ ಎಣಿಸುತ್ತಾರೆ. ಹನ್ನೊಂದು.

ಮಾಮೂಲಿ ದಿನ ಎರಡೋ ಮೂರೋ ಇರುತ್ತವೆ.

ಕಾಗದದಲ್ಲಿ ಇವರ ಕೆಲಸ ಕಸ ಗುಡಿಸುವುದು. ವಯಸ್ಸು ಐವತ್ತೆರಡು, ಸೇವೆ ಹತ್ತೊಂಬತ್ತು ವರ್ಷ. ಜೊತೆಗಾರರು ಇಟ್ಟ ಹೆಸರು ಹುಳದಕ್ಕ. ಯಾವನೋ ಅಧಿಕಾರಿ ಚೆಂದಕ್ಕೆಂದು ತೊಟ್ಟಿ ಇಡಿಸಿ ಬಣ್ಣದ ಮೀನು ಬಿಟ್ಟಿದ್ದನಂತೆ. ಅವನಿಗೆ ವರ್ಗವಾಯಿತು, ಮೀನು ಸತ್ತವು. ಕೆರೆಯ ನೀರಿನೊಂದಿಗೆ ತಾವಾಗಿ ಬಂದ ಹುಳುಗಳು ಉಳಿದುಕೊಂಡವು. ತೊಳೆದು ಬಿಸಾಕು ಎಂದು ಹೇಳಿದ್ದನ್ನು ಇವರು ಮಾಡಲಿಲ್ಲ. ಗುಡಿಸುತ್ತ ಗುಡಿಸುತ್ತ ನೋಡಿದರು. ನೀರು ಕೆಡುವ ದಿನ ಹುಳುಗಳು ಎಲ್ಲರಿಗಿಂತ ಮೊದಲು ನೀರು ಬಿಟ್ಟು ಗಾಜು ಹತ್ತುತ್ತವೆ.

ಯಾವ ಶಾಲೆಯಲ್ಲಿ ಕಲಿತಿರಿ ಎಂದು ಕೇಳಿದರೆ ನಗುತ್ತಾರೆ. "ಕಲಿಯೋದೇನು, ಮನೆಗೆ ಬೆಂಕಿ ಬಿದ್ರೆ ನಾವು ಹೊರಗೆ ಓಡಲ್ವಾ? ಅವೂ ಅಷ್ಟೇ."

ಬೆಂಕಿ ಇಟ್ಟವರು ಯಾರು ಎಂದು ಕಿಟಕಿಯಿಂದಲೇ ಕಾಣುತ್ತದೆ. ಕೆರೆಯ ಆಚೆ ಒಂದು ಗುಡ್ಡವಿದೆ, ಮೈಮೇಲೆ ಒಂದು ಮರವಿಲ್ಲ. ಸೈಟು ಮಾಡಲು ಬೋಳಿಸಿದರು. ಮಳೆಗೆ ಮಣ್ಣು ಜಾರಿ ಕೆರೆಗೆ ಬಂತು, ಮಣ್ಣಿನ ಜೊತೆ ತೋಟಗಳ ಗೊಬ್ಬರ ಬಂತು, ಊರಿನ ಚರಂಡಿ ಹೇಗೂ ಬರುತ್ತಲೇ ಇತ್ತು. ಅದನ್ನೆಲ್ಲ ಉಂಡು ಪಾಚಿ ಕೊಬ್ಬಿತು. ಬಿಸಿಲಿದ್ದಾಗ ಪಾಚಿ ನೀರಿಗೆ ಉಸಿರು ಕೊಡುತ್ತದೆ, ಕತ್ತಲಲ್ಲಿ ಕೊಟ್ಟದ್ದನ್ನು ವಾಪಸ್ ಎಳೆದುಕೊಳ್ಳುತ್ತದೆ. ಅದಕ್ಕೇ ಕೆರೆಗೆ ಬೆಳಗಿನ ಜಾವವೇ ಕಷ್ಟದ ಹೊತ್ತು. ಸತ್ತ ಪಾಚಿ ತಳಕ್ಕಿಳಿದು ಕೊಳೆಯುತ್ತದೆ. ತಳದ ನೀರಿನಲ್ಲಿ ಉಸಿರೆಂಬುದೇ ಇರುವುದಿಲ್ಲ, ವಿಷ ಮಾತ್ರ. ಬಿಸಿಲಿರುವಷ್ಟು ದಿನ ಅದು ಕೆಳಗೇ ಬಿದ್ದಿರುತ್ತದೆ. ಮೂರು ದಿನ ಮೋಡ ಕವಿದು, ಆಮೇಲೆ ತಣ್ಣನೆಯ ಗಾಳಿ ಬೀಸಿದರೆ ಮೇಲಿನ ನೀರು ಕೆಳಗೆ, ಕೆಳಗಿನದು ಮೇಲೆ.

ಇಂದು ಮೋಡದ ನಾಲ್ಕನೆಯ ದಿನ.

ಐದೂಕಾಲಿಗೆ ಗೆರೆಯ ಮೇಲೆ ಹದಿನೇಳು. ಗೋಡೆಯ ಮೇಲಿನ ಮೀಟರಿನಲ್ಲಿ ಹಸಿರು ದೀಪ ಉರಿಯುತ್ತಿದೆ. ಅದು ನೀರಿನ ಹುಳಿಯನ್ನೂ ಕದಡನ್ನೂ ಅಳೆಯುತ್ತದೆ, ಉಸಿರನ್ನು ಅಳೆಯುವುದಿಲ್ಲ. ಪಂಪ್ ಆಪರೇಟರ್ ಆಕಳಿಸುತ್ತ ಬಂದು, ಅಕ್ಕನ ಮಕ್ಕಳು ಇವತ್ತು ಬೇಗ ಎದ್ದಿವೆ ಎಂದು ತಮಾಷೆ ಮಾಡುತ್ತಾನೆ. ಅವರು ನಗುವುದಿಲ್ಲ. ಟಾರ್ಚನ್ನು ಗಾಜಿಗೆ ಇನ್ನೂ ಹತ್ತಿರ ಹಿಡಿಯುತ್ತಾರೆ.

ಇಲ್ಲಿಂದ ಹೊರಟ ನೀರಿಗೆ ದಾರಿಯಲ್ಲಿ ಕ್ಲೋರಿನ್ ಬೆರೆಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಅದು ಮೊದಲು ಮುಟ್ಟುವುದು ಆಸ್ಪತ್ರೆಯ ತೊಟ್ಟಿಯನ್ನು. ಅಲ್ಲಿ ಬೆಳಗಿನ ಆರಕ್ಕೆ ಡಯಾಲಿಸಿಸ್‌ನ ಮೊದಲ ಪಾಳಿ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವವರು ಇವರ ಗಂಡ, ಮೂವತ್ತು ವರ್ಷ ಲಾರಿ ಓಡಿಸಿದವರು. ಒಂದು ಸಲ ಕೂತರೆ ನಾಲ್ಕು ಗಂಟೆ. ಅಷ್ಟರಲ್ಲಿ ಒಬ್ಬೊಬ್ಬರ ರಕ್ತದ ಪಕ್ಕದಲ್ಲೇ, ತೆಳ್ಳನೆಯ ಪೊರೆಯೊಂದರ ಆಚೆ, ನೂರಿಪ್ಪತ್ತು ಲೀಟರ್ ನೀರು ಹರಿದು ಹೋಗುತ್ತದೆ.

ಕಳೆದ ವರ್ಷವೂ ಹುಳುಗಳು ಹೀಗೇ ಹತ್ತಿದ್ದವು. ಇವರು ಹೇಳಿದರು, ಆಪರೇಟರ್ ಫೋನ್ ಮಾಡಿದ, ಇಂಜಿನಿಯರ್ ಮೀಟರ್ ಏನನ್ನುತ್ತೆ ಎಂದು ಕೇಳಿದರು. ಹಸಿರು ಅಂದಮೇಲೆ ಮುಗಿಯಿತು. ಐವತ್ತು ನಿಮಿಷ ಕೆಟ್ಟ ನೀರೇ ಊರಿಗೆ ಹೋಯಿತು. ವಾಸನೆ ಬಂತೆಂದು ಯಾರೋ ಕ್ಲೋರಿನ್ ಜಾಸ್ತಿ ಸುರಿದರು. ತಳದ ಕೊಳೆಯೂ ಕ್ಲೋರಿನ್ನೂ ಸೇರಿ ಹುಟ್ಟಿದ್ದನ್ನು ಆಸ್ಪತ್ರೆಯ ಹಳೇ ಫಿಲ್ಟರ್ ತಡೆಯಲಿಲ್ಲ. ಏಳು ಕುರ್ಚಿಗಳಲ್ಲಿ ಏಳು ಜನ ಚಳಿಗೆ ಸಿಕ್ಕವರಂತೆ ನಡುಗಿದರು. ಇಬ್ಬರು ಮನೆಗೆ ಹೋಗಲಿಲ್ಲ. ವರದಿಯಲ್ಲಿ 'ಕಾರಣ ಖಚಿತವಿಲ್ಲ' ಎಂದಿದೆ. ಬರೆದವರಿಗೆ ಖಚಿತವಿರಲಿಲ್ಲವೋ, ಧೈರ್ಯವಿರಲಿಲ್ಲವೋ. ಫಿಲ್ಟರ್ ಬದಲಾಯಿಸಿದ್ದೇವೆ ಎನ್ನುತ್ತಾರೆ. ಬದಲಾದದ್ದನ್ನು ಕಣ್ಣಾರೆ ನೋಡಿದವರು ಯಾರೂ ಸಿಗಲಿಲ್ಲ.

"ಆವತ್ತು ನೀರಿನ ಗೇಟು ತಿರುಗಿಸೋಕೆ ನನ್ನ ಕೈಗೆ ಏನು ರೋಗ ಬಂದಿತ್ತು? ನಾನೂ ಅಪ್ಪಣೆ ಕಾಯ್ತಾ ನಿಂತಿದ್ದೆ," ಎನ್ನುತ್ತಾರೆ ಹುಳದಕ್ಕ.

ಹಾಗೆಂದು ಸುಮ್ಮನೆ ಮುಚ್ಚಿಬಿಡಲೂ ಆಗದು. ಮುಚ್ಚಿದರೆ ಆಸ್ಪತ್ರೆಯ ತೊಟ್ಟಿಯಲ್ಲಿರುವ ನಿನ್ನೆಯ ನೀರು ಎರಡೇ ಗಂಟೆಯಲ್ಲಿ ಖಾಲಿ. ಯಂತ್ರ ಅರ್ಧಕ್ಕೇ ನಿಲ್ಲುತ್ತದೆ. ಗಂಡನ ಮೈಯಲ್ಲಿ ಎರಡು ದಿನದ ನೀರು ಕಟ್ಟಿಕೊಂಡಿದೆ, ನೆಟ್ಟಗೆ ಮಲಗಿದರೆ ಉಸಿರು ಸಿಕ್ಕುವುದಿಲ್ಲ. ಬಿಟ್ಟರೂ ಅವರಿಗೇ ಹೊಡೆತ, ಮುಚ್ಚಿದರೂ ಅವರಿಗೇ.

ಐದೂವರೆಗೆ ಇಪ್ಪತ್ತಾರು. ಅವರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟಿನ ಕಬ್ಬಿಣದ ಚಕ್ರ ಹಿಡಿಯುತ್ತಾರೆ. ಮೂವತ್ತೆಂಟು ಸುತ್ತು. ಆಪರೇಟರ್ ಬೇಡ ಅಕ್ಕ, ಬೇಡ ಅಕ್ಕ ಎನ್ನುತ್ತ, ಕೊನೆಗೆ ತಾನೇ ಹೋಗಿ ಮೋಟಾರ್ ಆಫ್ ಮಾಡುತ್ತಾನೆ.

ಗಂಡನಿಗೆ ಫೋನ್ ಮಾಡಿ ಹುಳುಗಳ ಸುದ್ದಿ ಹೇಳುತ್ತಾರೆ. ಆ ಕಡೆಯಿಂದ ಏದುಸಿರು.

"ನಿನ್ನ ಹುಳಗಳು ಯಾವಾಗ ಡಾಕ್ಟರ್ ಓದಿದ್ವು?"

"ತಮಾಷೆ ಬೇಡ ರೀ. ಕೂತ್ಕೊಳ್ಳಿ, ಆದ್ರೆ ತೊಟ್ಟಿ ಮುಗಿದ ತಕ್ಷಣ ಎದ್ದುಬಿಡಿ. ಹೊಸ ನೀರು ಬಂತು ಅಂದ್ರೆ ನಂಬಬೇಡಿ, ನನ್ನನ್ನ ಕೇಳಿ."

ಆರೂಮುಕ್ಕಾಲಿಗೆ ಇಂಜಿನಿಯರ್ ಜೀಪಿನಿಂದ ಇಳಿಯುತ್ತಾರೆ. ಮೀಟರಿಗೆ ಬೆರಳು ತೋರಿಸುತ್ತಾರೆ. ಅರ್ಧ ಊರಿನ ನಲ್ಲಿ ಒಣಗಿದೆ, ಯಾರ ಅಪ್ಪಣೆ ಕೇಳಿದೆಯಮ್ಮಾ, ಗೇಟು ತೆಗೆ ಎನ್ನುತ್ತಾರೆ. ಹುಳದಕ್ಕ ಚಕ್ರಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ನಾಲ್ಕು ಜನ ಹಿಡಿದರೆ ಎಬ್ಬಿಸಬಹುದು. ಯಾರೂ ಮುಂದೆ ಬರುವುದಿಲ್ಲ.

ಆಗ ಗಾಳಿ ಬೀಸುತ್ತದೆ. ದೊಡ್ಡದೇನಲ್ಲ, ಹಗ್ಗದ ಮೇಲಿನ ಬಟ್ಟೆ ಅಲುಗುವಷ್ಟು. ಸ್ವಲ್ಪ ಹೊತ್ತಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಕೆರೆಯ ನೀರು ನಡುಭಾಗದಿಂದ ಕಂದುತ್ತ ದಡದತ್ತ ಹರಡುತ್ತದೆ. ಅಂಚಿನಲ್ಲಿ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ, ಒಂದೊಂದಾಗಿ ಬಿಳಿ ಹೊಟ್ಟೆ ಮೇಲಾಗಿ ಮಗುಚಿಕೊಳ್ಳುತ್ತವೆ. ಇಂಜಿನಿಯರ್ ಕರವಸ್ತ್ರದಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಮೀಟರಿನಲ್ಲಿ ಇನ್ನೂ ಹಸಿರು. ಗೇಟು ತೆಗೆ ಎಂಬ ಮಾತು ಮತ್ತೆ ಅವರ ಬಾಯಿಂದ ಬರುವುದಿಲ್ಲ. ಶಭಾಷ್ ಎಂಬ ಮಾತೂ ಬರುವುದಿಲ್ಲ. ಹತ್ತು ಗಂಟೆಗೆ ಊರಿಗೆ ಟ್ಯಾಂಕರ್ ಹೊರಡುತ್ತದೆ. ಹನ್ನೊಂದಕ್ಕೆ ಹುಳದಕ್ಕನ ಕೈಗೆ ನೋಟಿಸ್ ಬರುತ್ತದೆ, ಅಪ್ಪಣೆಯಿಲ್ಲದೆ ಗೇಟು ಮುಚ್ಚಿದ್ದಕ್ಕೆ ಮೂರು ದಿನದೊಳಗೆ ವಿವರಣೆ ಕೊಡಬೇಕಂತೆ. ಮುಂಜಾನೆಯಿಂದ ಪಂಪ್‌ಹೌಸಿನಲ್ಲಿ ಚುರುಕಾಗಿ ನಡೆದ ಕಾಗದದ ಕೆಲಸ ಅದೊಂದೇ.

ಗಂಡನ ಯಂತ್ರ ಶುರುವಾದ ಎರಡು ಗಂಟೆ ಹತ್ತು ನಿಮಿಷಕ್ಕೇ ನಿಂತಿತು. ಅರ್ಧ ತೊಳೆದ ರಕ್ತ ಹೊತ್ತು ಆಟೋದಲ್ಲಿ ಮನೆಗೆ ಹೋಗಿದ್ದಾರೆ. ಇನ್ನೆರಡು ದಿನ ದಿಂಬಿಗೆ ಒರಗಿಕೊಂಡೇ ನಿದ್ದೆ.

ಹುಳದಕ್ಕ ಒಂದು ವರ್ಷದಿಂದ ರಜೆ ಹಾಕಿಲ್ಲ. ಜ್ವರ ಬಂದಾಗಲೂ ಬಂದಿದ್ದಾರೆ. ಎಣಿಸುವುದನ್ನು ಕಲಿತುಕೊಳ್ಳಿ ಎಂದು ನಾಲ್ವರನ್ನು ಕೇಳಿದ್ದಾರೆ, ನಾಲ್ವರೂ ನಕ್ಕಿದ್ದಾರೆ. ನಿಮಗೇನು ಬೇಕು ಎಂದು ಕೇಳಿದರೆ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸುತ್ತಾರೆ.

"ಅವರು ಡಯಾಲಿಸಿಸ್‌ಗೆ ಹೋಗೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಒಂದು ದಿನಾನೂ ನಾನು ಜೊತೆಗೆ ಹೋಗಿಲ್ಲ. ಆ ನಾಲ್ಕು ಗಂಟೆ ಒಂದ್ಸಲ ಅವರ ಕೈ ಹಿಡ್ಕೊಂಡು ಕೂರಬೇಕು ಅಂತ ಆಸೆ. ಆದ್ರೆ ನಾನು ಅಲ್ಲಿ ಕೂತಿದ್ರೆ, ಆ ನೀರನ್ನ ಇಲ್ಲಿ ಯಾರು ಹುಳ ನೋಡಿ ಬಿಟ್ರು ಅಂತ ನಾನು ಯಾರನ್ನ ಕೇಳಲಿ?"